ಎರಡು ಜೀವ ಬೇರೆಯಾದ ಮೇಲಿನ ಎರಡು ಗಂಟೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಿಂದ ನಾವು ಕಲಿಯಬೇಕಾದ ಪಾಠ

“ಎರಡು ಜೀವ ಬೇರೆಯಾಯಿತು” ಎಂಬ ಸುದ್ದಿ ಹೆರಿಗೆ ವಾರ್ಡಿನಿಂದ ಹೊರಬಂದ ಕೂಡಲೇ ಮನೆಯವರ ಎದೆ ಹಗುರವಾಗುತ್ತದೆ. ಗಂಡೋ ಹೆಣ್ಣೋ ಎಂದು ಕೇಳುತ್ತೇವೆ, ಗಲ್ಫಿಗೆ ಫೋನ್ ಹೋಗುತ್ತದೆ, ಮಗುವಿನ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಎಲ್ಲರ ಕಣ್ಣೂ ಮಗುವಿನ ಮೇಲೆ. ಆದರೆ ವೈದ್ಯರನ್ನು ಕೇಳಿ ನೋಡಿ, ತಾಯಿಯ ಪಾಲಿಗೆ ಅತ್ಯಂತ ಅಪಾಯದ ಹೊತ್ತು ಶುರುವಾಗುವುದೇ ಆಗ ಎನ್ನುತ್ತಾರೆ. ಹೆರಿಗೆಯಾದ ಮೊದಲ ಎರಡು ಗಂಟೆ, ಆಮೇಲೆ ಮೊದಲ ಎರಡು ದಿನ, ಆಮೇಲೆ ಆರು ವಾರ. ಈ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಸರಿಯಾಗಿ ಗೊತ್ತಿಲ್ಲ.

ಒಂದು ಕಾಲದಲ್ಲಿ “ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ಹೆರಿಗೆ ಬೇಡ” ಎಂದು ಹೇಳುವುದೇ ದೊಡ್ಡ ಕೆಲಸವಾಗಿತ್ತು. ಆ ಮಾತು ಈಗ ಬಹುತೇಕ ಗೆದ್ದಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿದೆ. ಆದರೂ ತಾಯಂದಿರ ಸಾವು ನಿಂತಿಲ್ಲ. 2018-20ರ ಅಂಕಿಅಂಶದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಅದೇ ಅವಧಿಯಲ್ಲಿ ಪಕ್ಕದ ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ತೆಲಂಗಾಣದಲ್ಲಿ 43. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದೆ. ಆಸ್ಪತ್ರೆಗೆ ಹೋದ ಮೇಲೂ ಸಾಯುತ್ತಿದ್ದಾರೆ ಅಂದರೆ, ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ, ಅಲ್ಲಿ ನೋಡಿಕೊಳ್ಳುವವರು ಯಾರು ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕರಾವಳಿಯಿಂದ ಸ್ವಲ್ಪ ದೂರ ಹೋಗೋಣ, ಬಾಗಲಕೋಟೆ ಜಿಲ್ಲೆಗೆ.

ಕಬ್ಬು, ಮಗ್ಗ ಮತ್ತು ದೂರ

1997ರಲ್ಲಿ ವಿಜಯಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗದಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಿವೆ. ರಬಕವಿ-ಬನಹಟ್ಟಿ ಹಿಂದೆ ಜಮಖಂಡಿಯ ಭಾಗವಾಗಿತ್ತು, ತಾಲೂಕಾದದ್ದು ಇತ್ತೀಚೆಗೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ನಡುವೆ ಕಣ್ಣು ಹಾಯಿಸಿದಷ್ಟೂ ಕಬ್ಬು. ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು. ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಲ್ಲಿ ನೆಲೆ ನಿಂತ ಕುಟುಂಬಗಳು. ಇಲ್ಲಿನ ಮುಸ್ಲಿಮರ ಮನೆಮಾತು ಹೆಚ್ಚಾಗಿ ದಖನಿ ಉರ್ದು, ಬೀದಿಯಲ್ಲಿ ಉತ್ತರ ಕರ್ನಾಟಕದ ಗಟ್ಟಿ ಕನ್ನಡ. ನಮ್ಮ ಬ್ಯಾರಿ ಮನೆಗಳಲ್ಲಿ ನಲ್ವತ್ತು ದಿನದ ಬಾಣಂತನ ಇರುವ ಹಾಗೆಯೇ ಅಲ್ಲಿಯೂ ನಲ್ವತ್ತು ದಿನದ “ಚಿಲ್ಲಾ” ಇದೆ.

ಇಲ್ಲಿನ ಹೆಣ್ಣುಮಕ್ಕಳ ದುಡಿಮೆ ಬಸುರಿ ಎಂದು ನಿಲ್ಲುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವುದು, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವುದು ನಡೆಯುತ್ತಲೇ ಇರುತ್ತದೆ. ಕಬ್ಬು ಕಟಾವಿನ ಸುಗ್ಗಿಯಲ್ಲಿ ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಗುಂಪು ಗುಂಪಾಗಿ ಬರುವ ಕುಟುಂಬಗಳಲ್ಲಿ ಗರ್ಭಿಣಿಯರೂ ಇರುತ್ತಾರೆ. ಅವರ ಹೆಸರು ನೋಂದಣಿಯಾದದ್ದು ಒಂದೂರಲ್ಲಿ, ನೋವು ಶುರುವಾಗುವುದು ಇನ್ನೊಂದೂರಲ್ಲಿ.

ಜಮಖಂಡಿ, ಮುಧೋಳ, ಬೀಳಗಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ, ಖಾಸಗಿ ನರ್ಸಿಂಗ್ ಹೋಂಗಳೂ ಇವೆ. ಆದರೆ ಹೆರಿಗೆ ತೀರಾ ಬಿಗಡಾಯಿಸಿದರೆ ಹೋಗಬೇಕಾದ ದೊಡ್ಡ ಆಸ್ಪತ್ರೆಗಳೆಲ್ಲ ದೂರ. ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆ, ಅದೇ ಊರಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ. ಇಲ್ಲದಿದ್ದರೆ ವಿಜಯಪುರ, ಬೆಳಗಾವಿ, ಹುಬ್ಬಳ್ಳಿ. ಬೀಳಗಿಯಿಂದ ಬಾಗಲಕೋಟೆ ಮೂವತ್ತು ಕಿಲೋಮೀಟರ್ ಆಸುಪಾಸು, ಮುಧೋಳದಿಂದ ಐವತ್ತು-ಅರವತ್ತು, ಜಮಖಂಡಿಯಿಂದ ಎಪ್ಪತ್ತು-ಎಂಬತ್ತು. ರಬಕವಿ-ಬನಹಟ್ಟಿಯಿಂದ ಇನ್ನೂ ಹೆಚ್ಚು. ಕಟಾವಿನ ದಿನಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ರಸ್ತೆ ತುಂಬಿರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಈ ಭಾಗದ ಎಷ್ಟೋ ರಸ್ತೆ-ಸೇತುವೆಗಳು ನೀರಿನಡಿ ಹೋಗಿದ್ದವು.

ಮಂಗಳೂರಿನ ಓದುಗರಿಗೆ ಈ ದೂರ ಅರ್ಥವಾಗುವುದು ಕಷ್ಟ. ನಮಗೆ ಊರೊಳಗೇ ಲೇಡಿಗೋಷನ್ ಇದೆ. ದೇರಳಕಟ್ಟೆ-ನಾಟೆಕಲ್ ಕಡೆ ಹೋದರೆ ಒಂದೇ ದಾರಿಯಲ್ಲಿ ಮೂರು ಮೆಡಿಕಲ್ ಕಾಲೇಜು ಸಿಗುತ್ತವೆ. ಆದರೆ ಸುಳ್ಯದ ಆಚೆಯ, ಬೆಳ್ತಂಗಡಿಯ ಘಾಟಿ ಬುಡದ, ಕಡಬದ ಒಳಗಿನ ಊರುಗಳ ನಮ್ಮವರಿಗೆ ಜಮಖಂಡಿಯ ಕಥೆ ಹೊಸದೇನಲ್ಲ.

ಸಾವು ಬರುವ ಮೂರು ದಾರಿ

ಬಾಣಂತಿಯರ ಸಾವಿಗೆ ಕಾರಣಗಳು ಹಲವು. ಮುಖ್ಯವಾದವು ಮೂರು: ರಕ್ತಸ್ರಾವ, ರಕ್ತದೊತ್ತಡ, ನಂಜು.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಮತ್ತು ಮಾಸು ಹೊರಬಂದ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿದುಕೊಳ್ಳಬೇಕು. ಬಿಗಿಯದೆ ಸಡಿಲವಾಗಿಯೇ ಉಳಿದರೆ ತೆರೆದ ನಳ್ಳಿಯಂತೆ ರಕ್ತ ಹೋಗುತ್ತದೆ. ತೀವ್ರ ರಕ್ತಸ್ರಾವ ಶುರುವಾಗಿ ಸಾವು ಬರಲು ಎರಡು ಗಂಟೆ ಸಾಕು. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟೂ ಬೇಡ. ಕರ್ನಾಟಕದಲ್ಲಿ ಗರ್ಭಿಣಿಯರ ಪೈಕಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು.

ಎರಡನೆಯದು ಬಿ.ಪಿ. ಬಸುರಿಯಲ್ಲಿ 140/90 ದಾಟಿದರೆ ಎಚ್ಚರ, 160/110 ಮುಟ್ಟಿದರೆ ತುರ್ತು. ತಲೆನೋವು, ಕಣ್ಣು ಮಂಜು, ಮುಖ-ಕೈ ಊತ, ಎದೆಯ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಆಮೇಲೆ ಫಿಟ್ಸ್. ಹಳಬರು “ಬಾಣಂತಿ ಸನ್ನಿ” ಎಂದು ಕರೆಯುತ್ತಿದ್ದದ್ದರಲ್ಲಿ ಇದೂ ಸೇರಿತ್ತು. ಗಾಳಿ ಸೋಕಿದೆ, ಜಿನ್ನ್ ಹಿಡಿದಿದೆ ಎಂದು ಹೊತ್ತು ಕಳೆದ ಮನೆಗಳು ಉತ್ತರದಲ್ಲೂ ಇವೆ, ದಕ್ಷಿಣದಲ್ಲೂ ಇವೆ. ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು, ಅದರಲ್ಲೂ ಮೊದಲ 48 ಗಂಟೆಯಲ್ಲಿ.

ಮೂರನೆಯದು ಸೋಂಕು. “ಬಾಣಂತಿ ನಂಜು” ಎಂಬ ಹಳೆಯ ಮಾತು ಇದಕ್ಕೇ ಹೊಂದುತ್ತದೆ. ಚಳಿಜ್ವರ, ದುರ್ವಾಸನೆಯ ಸ್ರಾವ, ಹೊಟ್ಟೆನೋವು, ಏದುಸಿರು. ಸಿಸೇರಿಯನ್ ಆದವರಲ್ಲಿ ಈ ಅಪಾಯ ಹೆಚ್ಚು. ನಮ್ಮ ರಾಜ್ಯದಲ್ಲಿ ಈಗ ಸುಮಾರು ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್.

ಈ ಮೂರಕ್ಕೂ ಮದ್ದು ಇದೆ, ಹೆಚ್ಚಿನವು ದುಬಾರಿಯೂ ಅಲ್ಲ. ಫಿಟ್ಸ್ ತಡೆಯುವ ಮೆಗ್ನೀಶಿಯಂ ಸಲ್ಫೇಟ್ ಹಳೆಯ, ಅಗ್ಗದ ಇಂಜೆಕ್ಷನ್. ಅದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ ಎಂದು 2002ರಲ್ಲೇ ಸಾಬೀತಾಯಿತು. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ 21 ದೇಶಗಳ 20 ಸಾವಿರ ತಾಯಂದಿರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ, ಆಮೇಲೆ ಕೊಟ್ಟರೆ ಪ್ರಯೋಜನ ಇಲ್ಲ. ಮದ್ದು ಇದ್ದರೂ ಹೊತ್ತು ಮೀರಿದರೆ ಕೆಲಸಕ್ಕೆ ಬಾರದು.

ತೀವ್ರ ನಿಗಾ ಅಂದರೆ ಬರೀ ಯಂತ್ರವಲ್ಲ

ಐ.ಸಿ.ಯು. ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಾಜಿನ ಕೋಣೆ, ವೆಂಟಿಲೇಟರ್, ಬೀಪ್ ಸದ್ದು ಮತ್ತು ಬಿಲ್ಲು. ಆದರೆ ತೊಂದರೆಗೆ ಸಿಲುಕಿದ ಎಲ್ಲ ಬಾಣಂತಿಯರಿಗೂ ವೆಂಟಿಲೇಟರ್ ಬೇಕಾಗುವುದಿಲ್ಲ. ಹೆಚ್ಚಿನವರಿಗೆ ಬೇಕಾದದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆರೈಕೆ. ಅದಕ್ಕೆ ಎಚ್.ಡಿ.ಯು. ಎನ್ನುತ್ತಾರೆ, ಅಂದರೆ ಹೆಚ್ಚಿನ ನಿಗಾ ಘಟಕ. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸ್ ಹತ್ತಾರು ಮಂದಿಯನ್ನು ನೋಡಬೇಕಾಗುತ್ತದೆ. ಇಲ್ಲಿ ಇಬ್ಬರಿಗೆ ಒಬ್ಬ ನರ್ಸ್ ಇರಬೇಕೆಂಬುದು ಲೆಕ್ಕ. ಬಿ.ಪಿ., ನಾಡಿ, ಉಸಿರು, ಆಮ್ಲಜನಕದ ಪ್ರಮಾಣ, ಮೂತ್ರದ ಪ್ರಮಾಣ, ಹೋಗುತ್ತಿರುವ ರಕ್ತ ಎಲ್ಲವನ್ನೂ ಬಿಡದೆ ನೋಡಿ ಬರೆಯುತ್ತಾರೆ. ಉಸಿರಾಟಕ್ಕೇ ಯಂತ್ರ ಬೇಕಾದಾಗ, ಕಿಡ್ನಿ, ಹೃದಯ ಸೋತಾಗ ಐ.ಸಿ.ಯು.

ಗರ್ಭಿಣಿ-ಬಾಣಂತಿಯರಿಗಾಗಿಯೇ ಇಂಥ ಘಟಕಗಳು ಹೇಗಿರಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸಾಮಾನ್ಯ ಐ.ಸಿ.ಯು.ನಲ್ಲಿ ಹಾವು ಕಚ್ಚಿದವರ, ಅಪಘಾತವಾದವರ ನಡುವೆ ಬಾಣಂತಿಯನ್ನು ಮಲಗಿಸಿದರೆ ಆಕೆಯ ಗರ್ಭಕೋಶ ಬಿಗಿದಿದೆಯೇ ಎಂದು ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡುವವರು ಅಲ್ಲಿರುವುದಿಲ್ಲ. ಹೆರಿಗೆ ವಿಭಾಗಕ್ಕೆ ಅಂಟಿಕೊಂಡೇ ನಿಗಾ ಘಟಕ ಇರಬೇಕು ಎಂಬುದರ ಹಿಂದಿನ ಕಾರಣ ಇದು.

ನಿಗಾ ಎಂಬುದು ಹೆರಿಗೆ ಕೋಣೆಯಲ್ಲೇ ಶುರುವಾಗಬೇಕು. ಹೆರಿಗೆಯಾದ ಮೊದಲ ಎರಡು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ನಾಡಿ, ಬಿ.ಪಿ., ರಕ್ತಸ್ರಾವ, ಗರ್ಭಕೋಶದ ಬಿಗಿ ನೋಡಬೇಕೆಂದು ನಿಯಮವಿದೆ. ಮನೆಯವರಿಗೂ ಅರ್ಥವಾಗುವ ಒಂದು ಸರಳ ಲೆಕ್ಕ ಹೇಳುತ್ತೇವೆ. ಆರೋಗ್ಯವಂತ ಬಾಣಂತಿಯ ನಾಡಿ ಬಡಿತ ಆಕೆಯ ಮೇಲಿನ ಬಿ.ಪಿ. ಸಂಖ್ಯೆಗಿಂತ ಸಾಕಷ್ಟು ಕಡಿಮೆ ಇರುತ್ತದೆ. ಉದಾಹರಣೆಗೆ ನಾಡಿ 80, ಬಿ.ಪಿ. 120. ನಾಡಿ ಏರುತ್ತಾ ಬಿ.ಪಿ. ಇಳಿಯುತ್ತಾ ಎರಡೂ ಹತ್ತಿರ ಹತ್ತಿರ ಬಂದವು ಅಂದರೆ, ಹೊರಗೆ ಕಾಣಲಿ ಬಿಡಲಿ, ರಕ್ತ ಎಲ್ಲೋ ಹೋಗುತ್ತಿದೆ ಎಂದೇ ತಿಳಿಯಬೇಕು.

ಬೆಳಗಾವಿಯ ಒಂದು ಪ್ಲಾಸ್ಟಿಕ್ ಹಾಳೆ

“ಅಷ್ಟು ಹೋಗೂದ ರೀ, ಎಲ್ಲಾರಿಗೂ ಹೋಗ್ತೈತಿ, ಏನೂ ಆಗಂಗಿಲ್ಲ.” ಬಾಣಂತಿಗೆ ರಕ್ತ ಹೋಗುವುದನ್ನು ಕಂಡು ಗಾಬರಿಯಾದವರಿಗೆ ಆ ಸೀಮೆಯಲ್ಲಿ ಸಿಗುವ ಉತ್ತರ ಹೀಗಿರುತ್ತದೆ. ನಮ್ಮಲ್ಲೂ “ಸ್ವಲ್ಪ ಹೋಗ್ತದೆ, ಹೆದರ್ಬೇಡಿ” ಎನ್ನುತ್ತೇವೆ. ಆದರೆ ಎಷ್ಟು ಹೋಯಿತು ಎಂದು ಕಣ್ಣಳತೆಯಲ್ಲಿ ಹೇಳಲು ಆಗುತ್ತದಾ? ಇದಕ್ಕೆ ಉತ್ತರ ಸಿಕ್ಕಿದ್ದು ಜಮಖಂಡಿಯ ಪಕ್ಕದ ಜಿಲ್ಲೆ ಬೆಳಗಾವಿಯಲ್ಲಿ.

ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆ ರೂಪಿಸಿದರು. ಹೆರಿಗೆಯಾದ ತಾಯಿಯ ಅಡಿಯಲ್ಲಿ ಅದನ್ನು ಹಾಸಿದರೆ ರಕ್ತವೆಲ್ಲ ಹರಿದು ಕೆಳಗಿನ ಅಳತೆ ಗೆರೆಗಳಿರುವ ಚೀಲಕ್ಕೆ ಬೀಳುತ್ತದೆ. ಅಕ್ಕಿ ಅಳೆಯುವ ಸೇರಿನಷ್ಟೇ ಸರಳ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡದ್ದು, ಅನುಭವಿಗಳ ಕಣ್ಣಳತೆ ಕೂಡ ನಿಜವಾದ ಪ್ರಮಾಣಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಹೇಳುತ್ತದೆ ಎಂಬುದು. ಕಣ್ಣಿಗೆ ನಾನೂರು ಮಿಲಿ ಎಂದು ಕಂಡದ್ದು ಚೀಲದಲ್ಲಿ ಆರುನೂರು. ಹೆರಿಗೆಯ ನಂತರ ಐನೂರು ಮಿಲಿ ದಾಟಿದರೆ ಅದು ಅತಿ ರಕ್ತಸ್ರಾವ.

ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಇನ್ನೊಂದು ಅಧ್ಯಯನ ಬಂತು. 1620 ಮಹಿಳೆಯರು, ಹೆರಿಗೆ ಮಾಡಿಸಿದವರು ಉಪಕೇಂದ್ರದ ದಾದಿಯರು. ಹೆರಿಗೆಯಾದ ಕೂಡಲೇ ನುಂಗಲು ಕೊಟ್ಟ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಅತಿ ರಕ್ತಸ್ರಾವವನ್ನು ಶೇ. 12ರಿಂದ ಶೇ. 6.4ಕ್ಕೆ ಇಳಿಸಿತು. ಫ್ರಿಜ್ ಬೇಡ, ಸೂಜಿ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮುಂದೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇಂಥದ್ದೇ ಅಳತೆಯ ಹಾಳೆ ಹಾಸಿ, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರು ಮಾಡಿ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ತೀವ್ರ ರಕ್ತಸ್ರಾವ, ಅದರಿಂದ ಶಸ್ತ್ರಚಿಕಿತ್ಸೆ, ಸಾವು ಇವೆಲ್ಲ ಸೇರಿ ಶೇ. 60ರಷ್ಟು ಕಡಿಮೆ. ಅಳೆದು ನೋಡುವುದು, ತಡ ಮಾಡದಿರುವುದು, ಇವೆರಡೇ ಮುಖ್ಯ ಬದಲಾವಣೆ.

ಮಾತ್ರೆ, ಇಂಜೆಕ್ಷನ್ನಿಗೂ ರಕ್ತ ನಿಲ್ಲದಿದ್ದಾಗ ಏನು ಮಾಡುವುದು? ಢಾಕಾ ಮೆಡಿಕಲ್ ಕಾಲೇಜಿನ ವೈದ್ಯೆ ಸಾಯಿಬಾ ಅಖ್ತರ್ ಇಪ್ಪತ್ತು ವರ್ಷಗಳ ಹಿಂದೆಯೇ ದಾರಿ ತೋರಿಸಿದ್ದಾರೆ. ರಬ್ಬರ್ ಕೊಳವೆಯ ತುದಿಗೆ ಕಾಂಡೋಮ್ ಕಟ್ಟಿ, ಗರ್ಭಕೋಶದೊಳಗಿಟ್ಟು, ಸಲೈನ್ ತುಂಬಿಸಿದರೆ ಅದು ಬಲೂನಿನಂತೆ ಉಬ್ಬಿ ಒಳಗಿನಿಂದ ಒತ್ತಿ ಹಿಡಿಯುತ್ತದೆ. 2003ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 23 ತಾಯಂದಿರಿಗೆ ಹೀಗೆ ಮಾಡಲಾಗಿತ್ತು, ಎಲ್ಲರಿಗೂ ರಕ್ತ ನಿಂತಿತು. ಆಂಬ್ಯುಲೆನ್ಸಿನಲ್ಲಿ ಎಪ್ಪತ್ತು ಕಿಲೋಮೀಟರ್ ಹೋಗಬೇಕಾದ ತಾಯಿಗೆ ಇಂಥ ಉಪಾಯವೇ ಹೊತ್ತು ಕೊಡಿಸುತ್ತದೆ.

ಹಳ್ಳಿಯಲ್ಲಿ ಪತ್ತೆಯಾದರೆ ಸಾಕೇ?

ಬಾಗಲಕೋಟೆ ಜಿಲ್ಲೆ ಇನ್ನೊಂದು ದೊಡ್ಡ ಪ್ರಯೋಗದ ನೆಲವೂ ಹೌದು. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 14 ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಸೇರಿದ್ದ ಅಧ್ಯಯನ ನಡೆಯಿತು. ಆಶಾ ಕಾರ್ಯಕರ್ತೆಯರು, ದಾದಿಯರು ಮೊಬೈಲ್ ಆ್ಯಪ್ ಮತ್ತು ಬಿ.ಪಿ. ಉಪಕರಣ ಹಿಡಿದು ಮನೆಗೇ ಹೋದರು. ಬಿ.ಪಿ. ಏರಿದ್ದರೆ ಅಲ್ಲೇ ಮಾತ್ರೆ ಕೊಟ್ಟು, ಅಪಾಯವಿದ್ದರೆ ಮೆಗ್ನೀಶಿಯಂ ಸಲ್ಫೇಟ್‌ನ ಮೊದಲ ಡೋಸ್ ಚುಚ್ಚಿ ಆಸ್ಪತ್ರೆಗೆ ಕಳಿಸುವುದು ಯೋಜನೆ. ಪಾಕಿಸ್ತಾನ, ಮೊಝಾಂಬಿಕ್‌ನಲ್ಲೂ ಇದೇ ನಡೆಯಿತು.

ಆಶಾ ಕಾರ್ಯಕರ್ತೆಯರು ಈ ಕೆಲಸ ಮಾಡಬಲ್ಲರು ಎಂಬುದು ಗೊತ್ತಾಯಿತು. ಆದರೆ 2020ರಲ್ಲಿ ಮೂರೂ ದೇಶಗಳ ಲೆಕ್ಕ ಒಟ್ಟುಗೂಡಿಸಿದಾಗ ತಾಯಿ-ಮಗುವಿನ ಸಾವು, ತೀವ್ರ ತೊಂದರೆಗಳು ಒಟ್ಟಾರೆ ಕಡಿಮೆಯಾಗಿರಲಿಲ್ಲ. ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ತಪಾಸಣೆ ಸಿಕ್ಕವರಲ್ಲಿ ಮಾತ್ರ ಸ್ಥಿತಿ ಉತ್ತಮವಾಗಿತ್ತು. ಹಳ್ಳಿಯಲ್ಲಿ ಪತ್ತೆ ಮಾಡಿ ಕಳಿಸಿದರಷ್ಟೇ ಸಾಲದು, ಕಳಿಸಿದ ಆಸ್ಪತ್ರೆಯೂ ಗಟ್ಟಿ ಇರಬೇಕು ಎಂದು ಸಂಶೋಧಕರು ಹೇಳಿದರು.

ತಾಯಂದಿರ ಸಾವಿನ ಹಿಂದೆ ಮೂರು ತಡಗಳಿವೆ ಎಂದು ತಜ್ಞರು 1994ರಲ್ಲೇ ಬರೆದಿದ್ದಾರೆ: ಮನೆಯಲ್ಲಿ ತೀರ್ಮಾನ ಮಾಡಲು ತಡ, ದಾರಿಯಲ್ಲಿ ತಡ, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು ತಡ. 2008ರಿಂದ 108 ಆಂಬ್ಯುಲೆನ್ಸ್ ಬಂದು ಎರಡನೆಯದು ಸ್ವಲ್ಪ ತಗ್ಗಿದೆ. ಮೂರನೆಯದು ಈಗ ಎದ್ದು ಕಾಣುತ್ತಿದೆ. ರಾತ್ರಿ ಎರಡು ಗಂಟೆಗೆ ಅರಿವಳಿಕೆ ತಜ್ಞರು ಇಲ್ಲ, ರಕ್ತ ಇಲ್ಲ, “ಮುಂದಕ್ಕೆ ಕರಕೊಂಡು ಹೋಗ್ರಿ” ಎಂಬ ಚೀಟಿ ಮಾತ್ರ ಇದೆ ಎಂದಾದರೆ ಆ ತಾಯಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಲೇ ರಕ್ತ ಕಳೆದುಕೊಳ್ಳುತ್ತಾಳೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡದ್ದು ನೆನಪಿರಬಹುದು. ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು, ಸರಕಾರ ಅದರ ಬಳಕೆ ನಿಲ್ಲಿಸಿತು. ಆ ಬಳಿಕ ರಾಜ್ಯದಲ್ಲಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಲಾಯಿತು. 2024ರ ಎಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳಲ್ಲಿ ಶೇ. 70ರಷ್ಟನ್ನು ತಡೆಯಬಹುದಿತ್ತು ಎಂಬುದು ಆ ವರದಿಯ ಸಾರ. ತಡೆಯಬಹುದಿತ್ತು ಎಂಬ ಆ ಒಂದು ಶಬ್ದದ ಹಿಂದೆ ಮುನ್ನೂರಕ್ಕೂ ಹೆಚ್ಚು ಮನೆಗಳಿವೆ, ತಾಯಿಯಿಲ್ಲದ ಎಷ್ಟೋ ಮಕ್ಕಳಿದ್ದಾರೆ.

ನಮ್ಮ ಮನೆಗಳ ಪಾಲು

ಆಸ್ಪತ್ರೆ, ಸರಕಾರದ ಹೊಣೆ ಅವರದು. ಮೊದಲನೆಯ ತಡ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.

ಗಂಡ ಗಲ್ಫಿನಲ್ಲಿ, ಮಾವನಿಗೆ ಫೋನ್ ಸಿಗುತ್ತಿಲ್ಲ, ಅಣ್ಣ ಬರಲಿ, ಅವನು ಸಹಿ ಹಾಕಲಿ ಎಂದು ಕಾಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಜಮಖಂಡಿ ಕಡೆ ಗಂಡ ಕಬ್ಬಿನ ಗ್ಯಾಂಗಿನ ಜೊತೆ ಬೇರೆ ಊರಿನಲ್ಲಿರುತ್ತಾನೆ, ಅಷ್ಟೇ ವ್ಯತ್ಯಾಸ. ಪ್ರಾಯಕ್ಕೆ ಬಂದ ಹೆಣ್ಣು ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು, ಆಕೆಯ ಸಹಿ ಸಾಕು. ಏಳನೇ ತಿಂಗಳಲ್ಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ: ತೊಂದರೆಯಾದರೆ ಯಾವ ಆಸ್ಪತ್ರೆ, ಯಾರ ಗಾಡಿ, ಜೊತೆಗೆ ಯಾರು, ರಕ್ತ ಕೊಡುವ ಇಬ್ಬರು ಯಾರು. ಗಂಡ ದೂರದಲ್ಲಿದ್ದರೆ “ನನ್ನನ್ನು ಕೇಳಲು ಕಾಯಬೇಡಿ” ಎಂಬ ಮಾತನ್ನು ಆತ ಮೊದಲೇ ಹೇಳಿಬಿಡಲಿ.

ಲೇಡಿ ಡಾಕ್ಟರೇ ಬೇಕು ಎಂಬುದು ನಮ್ಮ ಮನೆಗಳ ಸಹಜ ಬಯಕೆ. ಸಿಗುವಾಗ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಜೀವ ಹೋಗುವ ಹೊತ್ತಿನಲ್ಲಿ ಪುರುಷ ವೈದ್ಯರ ಚಿಕಿತ್ಸೆಗೆ ದೀನ್‌ನಲ್ಲಿ ಅಡ್ಡಿಯಿಲ್ಲ ಎಂಬುದನ್ನು ಉಲಮಾಗಳು ಸ್ಪಷ್ಟವಾಗಿ ಹೇಳಿದ್ದಾರೆ. ಇದನ್ನು ಹಿರಿಯ ಹೆಂಗಸರಿಗೆ ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು.

ರಕ್ತದಾನದ ವಿಷಯದಲ್ಲಿ ನಮ್ಮ ಯುವಕರು ಕರಾವಳಿಯಲ್ಲಿ ಹೆಸರು ಮಾಡಿದ್ದಾರೆ. ಒಂದು ಸಂದೇಶಕ್ಕೆ ಹತ್ತು ಮಂದಿ ಆಸ್ಪತ್ರೆ ಮುಂದೆ ನಿಲ್ಲುತ್ತಾರೆ. ಆದರೆ ರಕ್ತ ತೆಗೆದು, ಪರೀಕ್ಷಿಸಿ, ಹೊಂದಾಣಿಕೆ ನೋಡಿ ಏರಿಸಲು ಗಂಟೆಗಳು ಬೇಕು. ಎರಡು ಗಂಟೆಯ ಲೆಕ್ಕದಲ್ಲಿ ಓಡುತ್ತಿರುವ ತಾಯಿಗೆ ಮೊದಲೇ ಸಂಗ್ರಹವಾಗಿರುವ ರಕ್ತವೇ ಆಸರೆ. ಆದ್ದರಿಂದ ಕರೆ ಬಂದಾಗ ಓಡುವುದರ ಜೊತೆಗೆ, ಕರೆ ಬಾರದ ದಿನಗಳಲ್ಲೂ, ರಮಝಾನ್ ಮುಗಿದ ಮೇಲೆ ರಕ್ತನಿಧಿಗಳು ಬರಿದಾಗಿರುವ ಹೊತ್ತಿನಲ್ಲೂ ಶಿಬಿರ ನಡೆಯಬೇಕು.

ಇನ್ನು ಕೆಲವು ಸಣ್ಣ ವಿಷಯಗಳು:

ತಾಯಿ ಕಾರ್ಡ್ ಸದಾ ಬ್ಯಾಗಿನಲ್ಲಿರಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಾಗ ಗಂಡನ ಮನೆಯಲ್ಲೇ ಉಳಿದುಬಿಡುವುದು ಈ ಕಾರ್ಡೇ. ಹಿಮೋಗ್ಲೋಬಿನ್, ರಕ್ತದ ಗುಂಪು, ಬಿ.ಪಿ. ಎಲ್ಲ ಅದರಲ್ಲಿದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ, ಬರೀ ಬೀಟ್‌ರೂಟ್, ಖರ್ಜೂರದಿಂದ ಸರಿಹೋಗುವುದಿಲ್ಲ, ಆಸ್ಪತ್ರೆಯ ಚಿಕಿತ್ಸೆ ಬೇಕು.

ಪ್ರತಿ ತಿಂಗಳ 9ನೇ ತಾರೀಕಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. 2016ರಿಂದ ಇರುವ ಈ ಯೋಜನೆಯ ಮುಖ್ಯ ಉದ್ದೇಶವೇ ಅಪಾಯದ ಗರ್ಭಿಣಿಯರನ್ನು ಮೊದಲೇ ಗುರುತಿಸುವುದು.

2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲ ಉಚಿತ. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಮತ್ತೆ ಮನೆಗೆ ವಾಹನವೂ ಉಚಿತ. ದೊಡ್ಡಾಸ್ಪತ್ರೆಗೆ ಕಳಿಸುವಾಗ “ಕಾರು ಮಾಡಿಕೊಳ್ಳಿ” ಎಂದರೆ 108 ಕೇಳಿ. ಹೊರಡುವ ಮುಂಚೆ ಏನೇನು ಚಿಕಿತ್ಸೆ ಕೊಟ್ಟಿದ್ದಾರೆಂದು ಬರೆದ ಚೀಟಿ ತೆಗೆದುಕೊಳ್ಳಿ, ಮುಂದಿನ ಆಸ್ಪತ್ರೆಗೆ ಇಲ್ಲಿಂದಲೇ ಫೋನ್ ಹೋಗಿದೆಯೇ ಎಂದು ವಿಚಾರಿಸಿ.

ಸರಕಾರಿ ಹೆರಿಗೆ ಕೋಣೆಗಳಲ್ಲಿ ತಾಯಿಯ ಜೊತೆ ಒಬ್ಬ ಹೆಣ್ಣು ಸಂಗಾತಿ ಇರಲು 2016ರಿಂದ ಅವಕಾಶವಿದೆ. ಉಮ್ಮನೋ ಅತ್ತೆಯೋ ಅಕ್ಕನೋ ಒಬ್ಬರು ಮಗುವಿನ ಹಿಂದೆ ಹೋಗದೆ ತಾಯಿಯ ಬಳಿಯೇ ಇರಲಿ. ಪ್ಯಾಡ್ ಅರ್ಧ-ಒಂದು ಗಂಟೆಯಲ್ಲೇ ತೊಯ್ದು ತೊಪ್ಪೆಯಾದರೆ, ಮೈ ತಣ್ಣಗಾಗಿ ಬೆವರಿದರೆ, ಬಾಯಾರಿಕೆ ಎಂದು ಚಡಪಡಿಸಿದರೆ, ಮಂಪರು ಕವಿದರೆ, ನಾಚಿಕೆ ಬಿಟ್ಟು ಗಟ್ಟಿಯಾಗಿ ನರ್ಸನ್ನು ಕರೆಯಬೇಕು. ಬೈದರೂ ಪರವಾಗಿಲ್ಲ.

ನಲ್ವತ್ತು ದಿನದ ಕಾವಲು

ನಮ್ಮ ಹಿರಿಯರು ಬಾಣಂತಿಗೆ ನಲ್ವತ್ತು ದಿನದ ವಿಶ್ರಾಂತಿ ಇಟ್ಟದ್ದು ಸುಮ್ಮನೆ ಅಲ್ಲ. ವೈದ್ಯಶಾಸ್ತ್ರ ಹೇಳುವ ಅಪಾಯದ ಅವಧಿಯೂ 42 ದಿನ, ಎರಡೇ ದಿನದ ವ್ಯತ್ಯಾಸ. ಆದರೆ ಆ ನಲ್ವತ್ತು ದಿನ ಎಣ್ಣೆ, ನೀರು, ಲೇಹ್ಯದ ಆರೈಕೆಯ ಜೊತೆ ಕಣ್ಣಿನ ಕಾವಲೂ ಬೇಕು. ನೀರು ಕಡಿಮೆ ಕುಡಿಸುವುದು, ಮುಚ್ಚಿದ ಕೋಣೆಯಲ್ಲಿ ಅಲ್ಲಾಡದೆ ಮಲಗಿಸುವುದು ಒಳ್ಳೆಯದಲ್ಲ. ಹೆರಿಗೆಯ ನಂತರ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಉಸಿರು ನಿಲ್ಲುತ್ತದೆ. ಬೇಕಾದಷ್ಟು ನೀರು ಕೊಡಿ, ನಿಧಾನವಾಗಿ ನಡೆದಾಡಿಸಿ.

ತಡೆಯಲಾಗದ ತಲೆನೋವು, ಕಣ್ಣು ಮಂಜು, ಫಿಟ್ಸ್, ನಿಂತ ರಕ್ತ ಮತ್ತೆ ಜೋರಾಗುವುದು, ಚಳಿಜ್ವರ, ವಾಸನೆ, ಮಲಗಿದರೆ ಉಸಿರು ಕಟ್ಟುವುದು, ಒಂದೇ ಕಾಲು ಊದಿ ಮೀನಖಂಡ ನೋಯುವುದು, ಮಗುವನ್ನೂ ನೋಡದೆ ಸುಮ್ಮನೆ ಗೋಡೆ ನೋಡುತ್ತಾ ಅಳುವುದು. ಇವುಗಳಲ್ಲಿ ಯಾವುದು ಕಂಡರೂ “ನಲ್ವತ್ತು ದಿನ ಆಗಲಿ, ಹೊರಗೆ ಕರೆದೊಯ್ಯೋಣ” ಎನ್ನುವ ಹಾಗಿಲ್ಲ. ಅದೇ ದಿನ, ಅದೇ ಗಂಟೆಗೆ ಆಸ್ಪತ್ರೆಗೆ ಹೊರಡಬೇಕು.

ಜಮಖಂಡಿಯಲ್ಲಾಗಲಿ ಮುಧೋಳದಲ್ಲಾಗಲಿ, ಸುಳ್ಯ-ಬೆಳ್ತಂಗಡಿಯಲ್ಲಾಗಲಿ, ತಾಲೂಕು ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಗೆ ನಮ್ಮ ಮುಖಂಡರು, ಜಮಾಅತಿನ ಹಿರಿಯರು ಹೋಗುತ್ತಾರೆ. ಹೋದಾಗ ನಾಲ್ಕು ಪ್ರಶ್ನೆ ಕೇಳಲಿ. ರಾತ್ರಿ ಎರಡು ಗಂಟೆಗೆ ಇಲ್ಲಿ ಸಿಸೇರಿಯನ್ ಮಾಡಲು ಹೆರಿಗೆ ವೈದ್ಯರು, ಅರಿವಳಿಕೆ ವೈದ್ಯರು ಇಬ್ಬರೂ ಸಿಗುತ್ತಾರಾ? ಎಲ್ಲ ಗುಂಪಿನ ರಕ್ತ ಎಷ್ಟು ಬಾಟಲಿ ಇದೆ? ಹೆರಿಗೆಯಾದವರ ರಕ್ತ ಅಳೆಯುತ್ತೀರಾ, ಅಥವಾ ಕಣ್ಣಳತೆಯಾ? ಬಾಣಂತಿಯರಿಗೆಂದೇ ನಿಗಾ ಹಾಸಿಗೆ ಎಷ್ಟಿದೆ, ಅದಕ್ಕೆ ನರ್ಸ್ ಎಷ್ಟು? ಉತ್ತರ ಸಿಗದಿದ್ದರೆ ಮುಂದಿನ ತಿಂಗಳು ಮತ್ತೆ ಹೋಗಿ ಇದನ್ನೇ ಕೇಳಲಿ.